ಫ್ರೆಂಚಲ್ಲಿ ಹತ್ತು ಥರ ಹೇಳಿದ್ರೆ ಸ್ಟೈಲು, ನಮ್ಮೂರಲ್ಲಿ ಎರಡು ಥರ ಹೇಳಿದ್ರೆ ತಪ್ಪು

1/9
ಫೋಟೋ: ಸವಳಂಗ ಬಸ್ ಸ್ಟ್ಯಾಂಡ್, ಬೆಳಗ್ಗೆ ಶಿವಮೊಗ್ಗ ಬಸ್ಸಿಗೆ ಕಾಯ್ತಿರೋ ನಾವು.

ಮೊನ್ನೆ ಕ್ಲಾಸ್ ಗ್ರೂಪಿಗೆ ಒಂದು ರೀಲ್ ಬಂತು. "ಬೊಂಜೂರ್ ಅನ್ನೋದು ಬಿಡಿ, ಫ್ರಾನ್ಸಿನವರ ಥರ ಮಾತಾಡಿ" ಅಂತ. ಹಲೋ ಅನ್ನೋಕೆ ಹತ್ತು ದಾರಿ, ಗೊತ್ತಿಲ್ಲ ಅನ್ನೋಕೆ ಐದು ದಾರಿ, ಹೋಗಿ ಬರ್ತೀನಿ ಅನ್ನೋಕೆ ಎಂಟು ದಾರಿ. ಗ್ರೂಪ್ ತುಂಬ ಹಾರ್ಟ್. ನಾನೂ ಒತ್ತಿದೆ. ಸೇವ್ ಕೂಡ ಮಾಡ್ಕೊಂಡೆ, ಸುಳ್ಳು ಹೇಳಲ್ಲ.

ಅದೇ ವಾರ ಒಂದು ಟ್ರೈನಿಂಗ್ ಇತ್ತು. ಇಂಟರ್‌ವ್ಯೂನಲ್ಲಿ ಹೆಂಗ್ ಮಾತಾಡ್ಬೇಕು ಅಂತ ಹೇಳಿಕೊಡೋ ಟ್ರೈನಿಂಗ್. ಒಂದು ಕಂಪನಿಯ ಬ್ಯಾಲೆನ್ಸ್ ಶೀಟ್ ಕೊಟ್ಟು ಏನನ್ಸುತ್ತೆ ಹೇಳಿ ಅಂದ್ರು. ನಾನು ಎದ್ದು, "ಸರ್, ಈ ಕಂಪನಿಗೆ ಬಂಡವಾಳಕ್ಕಿಂತ ಸಾಲ ಜಾಸ್ತಿ ಐತೆ" ಅಂದೆ. ಅಷ್ಟೇ. "ಐತೆ ಅಲ್ಲ, ಇದೆ. ಮೊದಲು ನಿಮ್ಮ ಕನ್ನಡ ಸರಿ ಮಾಡ್ಕೊಳ್ಳಿ" ಅಂದ್ರು. ಇಡೀ ಕ್ಲಾಸು ನಕ್ತು. ನಾನು ಕೂತೆ. ನನ್ನ ಡೆಟ್-ಈಕ್ವಿಟಿ ರೇಶಿಯೋ ಸರಿ ಇತ್ತು. ಅದನ್ನ ಯಾರೂ ಕೇಳಲೇ ಇಲ್ಲ.

ಅರ್ಧ ಗಂಟೆ ಬಿಟ್ಟು ಅದೇ ಬಾಯಲ್ಲಿ ಇನ್ನೊಂದು ಮಾತು ಬಂತು: "ಬಿಕಾಂ ಜೊತೆ ಫ್ರೆಂಚ್ ಕಲೀರಿ, ಬೆಂಗಳೂರಲ್ಲಿ ಒಳ್ಳೆ ಸಂಬಳ."

ನಕ್ಕೋರು ಯಾರು ಗೊತ್ತಾ? ಹೊನ್ನಾಳಿಯೋರು, ನ್ಯಾಮತಿಯೋರು, ಚನ್ನಗಿರಿಯೋರು. ಮನೇಲಿ ಐತೆ ಅನ್ನೋರೇ. ಅವರಿಗೋಸ್ಕರ ಈ ಒಂಬತ್ತು ಪೋಸ್ಟ್. ಸ್ಕ್ರೋಲ್ ಮಾಡ್ಕೊಂಡು ಹೋಗ್ಬೇಡ್ರಿ, ಪೂರ್ತಿ ಓದ್ರಿ.

2/9
ಫೋಟೋ: ನನ್ನ ನೋಟ್‌ಬುಕ್ಕಿನ ಹಿಂದಿನ ಪುಟ. ಎಡಕ್ಕೆ ಫ್ರೆಂಚ್, ಬಲಕ್ಕೆ ನಮ್ಮೂರು.

ಆ ರೀಲಲ್ಲಿ ಇದ್ದದ್ದನ್ನೇ ಮೊದಲು ನೋಡೋಣ. ಸಿಕ್ಕಾಗ ಫ್ರೆಂಚಲ್ಲಿ ಏನಂತಾರೆ? ಹಗಲಲ್ಲಿ "ಬೊಂಜೂರ್", ಸಂಜೆ "ಬೊಂಸ್ವಾರ್". ದೋಸ್ತಿಗೆ "ಸಲ್ಯು". ತೀರಾ ಸಲಿಗೆ ಇದ್ರೆ "ಕುಕು". ಸಲ್ಯು ಅಂತ ಪ್ರೊಫೆಸರಿಗೆ ಹೇಳಿದ್ರೆ ಅವರು ಮುಖ ನೋಡ್ತಾರೆ. ಬೊಂಜೂರ್ ಅಂತ ದಿನಾ ಚಡ್ಡಿ ದೋಸ್ತಿಗೆ ಹೇಳಿದ್ರೆ ಅವನು, ಏನಾತಲೇ ಇವತ್ತು, ಅಂತಾನೆ.

ಆಮೇಲೆ ಬರೋದು "ಸಾ ವಾ?" ಹೆಂಗಿದ್ದೀಯ ಅಂತ ಅರ್ಥ. ಉತ್ತರನೂ ಅದೇ: "ಸಾ ವಾ." ಪ್ರಶ್ನೆ ಉತ್ತರ ಎರಡೂ ಒಂದೇ ಪದ, ಎಷ್ಟು ಚೆಂದ ಅಂತ ಕಾಮೆಂಟಲ್ಲಿ ಜನ ಕರಗಿ ಹೋಗಿದ್ರು.

ಲೇ, ನಾವು ದಿನಾ ಏನ್ ಮಾಡ್ತೀವಿ? "ಆರಾಮಾ?" "ಆರಾಮ." ಮುಗೀತು. ಇನ್ನೂ ಹತ್ತಿರದ್ದು ಬೇಕಾ? ಸಾ ವಾ ಅಂದ್ರೆ ಪದಕ್ಕೆ ಪದ "ಅದು ಹೋಗುತ್ತೆ, ನಡೆಯುತ್ತೆ" ಅಂತ. ನಮ್ಮ ಅಡಿಕೆ ವ್ಯಾಪಾರದೋರು ಚಾ ಅಂಗಡಿ ಮುಂದೆ ಸಿಕ್ಕಾಗ ಏನಂತಾರೆ? "ಹೆಂಗ್ ನಡೀತೈತೆ?" "ನಡೀತೈತೆ." ಪ್ಯಾರಿಸ್ಸಿನ ಸಾ ವಾ ಅಂದ್ರೆ ಸವಳಂಗದ ನಡೀತೈತೆ. ಒಂದಕ್ಕೆ ಹಾರ್ಟ್, ಇನ್ನೊಂದಕ್ಕೆ ನಗು.

ಹೊರಡುವಾಗ ಅವರು "ಓ ರೆವ್ವಾರ್" ಅಂತಾರೆ. ಮತ್ತೆ ನೋಡೋವರೆಗೆ ಅಂತ. ನಮ್ಮ ಮನೇಲಿ ಹೊಸಿಲು ದಾಟುವಾಗ "ಹೋಗ್ತೀನಿ" ಅಂದ್ರೆ ಅವ್ವ ಬೈತಾಳೆ. "ಹೋಗಿ ಬರ್ತೀನಿ" ಅನ್ನಬೇಕು. ಮತ್ತೆ ಬರೋ ಮಾತು ಕೊಟ್ಟೇ ಹೊರಡೋದು. ಇದನ್ನ ಯಾವ ರೀಲೂ ನಮಗೆ ಹೇಳಿಕೊಡಲಿಲ್ಲ, ಯಾಕಂದ್ರೆ ಅದು ನಮ್ಮ ಬಾಯಲ್ಲೇ ಇತ್ತು.

3/9
ಫೋಟೋ: ಅದೇ ಪುಟ, ಹತ್ತಿರದಿಂದ.

ಈಗ "ಗೊತ್ತಿಲ್ಲ". ಪುಸ್ತಕದ ಫ್ರೆಂಚಲ್ಲಿ "ಜ ನ ಸೆ ಪಾ". ಇಲ್ಲ ಅನ್ನೋದಕ್ಕೆ ಅಲ್ಲಿ ಎರಡು ತುಂಡು, ಮುಂದೆ "ನ", ಹಿಂದೆ "ಪಾ". ಮಾತಾಡುವಾಗ ಮುಂದಿನ "ನ" ಬಿದ್ದು ಹೋಗುತ್ತೆ: "ಜ ಸೆ ಪಾ". ಇನ್ನೂ ಬೇಗ ಹೇಳಿದ್ರೆ ಎರಡು ಪದ ಅಂಟಿಕೊಂಡು "ಶೆ ಪಾ". ವ್ಯಾಕರಣ ಪುಸ್ತಕದ ಅರ್ಧ ಭಾಗವನ್ನೇ ನುಂಗಿ ಹಾಕಿದ ಮಾತು. ಅದನ್ನ ಕಲಿಸೋರು ಏನಂತಾರೆ? "ಇದು ಅಸಲಿ ಫ್ರೆಂಚ್, ಇದನ್ನ ಕಲಿತರೆ ನೀವು ಲೋಕಲ್ ಥರ ಕೇಳ್ತೀರಿ."

ಅಲ್ಲಿ ಲೋಕಲ್ ಅಂದ್ರೆ ಹೊಗಳಿಕೆ. ಇಲ್ಲಿ "ತುಂಬಾ ಲೋಕಲ್ ಥರ ಮಾತಾಡ್ತಾನೆ" ಅಂದ್ರೆ ಬೈಗುಳ. ಪದ ಒಂದೇ!

ದುಡ್ಡಿನ ವಿಷಯ ತಗೊಳ್ರಿ, ನಾವು ಕಾಮರ್ಸಿನೋರು. ಫ್ರೆಂಚ್ ಪುಸ್ತಕದಲ್ಲಿ "ಅರ್ಜಾಂ". ಬೀದೀಲಿ "ಫ್ರಿಕ್", "ತ್ಯೂನ್", "ಪೊನ್ಯೋಂ", "ಬ್ಲೆ". ಬ್ಲೆ ಅಂದ್ರೆ ಗೋಧಿ. ಗೋಧಿ ಇದ್ದೋನ ಹತ್ರ ದುಡ್ಡು ಇದೆ ಅಂತ ಲೆಕ್ಕ. ಹಂಗೇ ಕೆಲಸಕ್ಕೆ ಪುಸ್ತಕದಲ್ಲಿ "ತ್ರಾವಾಯ್", ಬೀದೀಲಿ "ಬೂಲೋ". ಕಾರಿಗೆ "ವ್ವಾತ್ಯೂರ್", ಬೀದೀಲಿ "ಬಾನ್ಯೋಲ್". ಪ್ಯಾರಿಸ್ ಹುಡುಗರು ಪದವನ್ನ ಹಿಂದುಮುಂದು ಮಾಡಿ ಹೊಸ ಪದ ಕಟ್ಟೋ ಆಟಕ್ಕೆ "ವೆರ್ಲಾಂ" ಅಂತ ಹೆಸರೇ ಇದೆ: ಹೆಂಗಸು ಅನ್ನೋ "ಫಾಮ್" ತಿರುಗಿ "ಮಫ್" ಆಗುತ್ತೆ.

ನಮ್ಮಲ್ಲಿ? ಹಣ, ದುಡ್ಡು, ಕಾಸು, ರೊಕ್ಕ. ಹಣ ಅರ್ಜಿಗೆ. ದುಡ್ಡು ದಿನಬಳಕೆಗೆ. ರೊಕ್ಕ ಸಂತೇಲಿ ಕೈಗೆ ಬಿದ್ದದ್ದು. ಒಂದೊಂದಕ್ಕೂ ಒಂದೊಂದು ತೂಕ. ಆದ್ರೆ ಕ್ಲಾಸಲ್ಲಿ ರೊಕ್ಕ ಅಂದ್ರೆ ಹಿಂದಿನ ಬೆಂಚಿಂದ ನಗು. ಫ್ರಿಕ್ ಅಂದ್ರೆ "ಕೂಲ್ ಮಗಾ".

4/9
ಫೋಟೋ: ರಸ್ತೆ ಬದಿ ಒಣಗಾಕಿರೋ ಮೆಕ್ಕೆಜೋಳ.

ಇದು ಅಕೌಂಟ್ಸ್ ಇಷ್ಟಪಡೋರಿಗೆ. ಪ್ಯಾರಿಸ್ಸಿಂದ ಒಂದು ಇನ್‌ವಾಯ್ಸ್, ಬ್ರಸೆಲ್ಸಿಂದ ಒಂದು ಇನ್‌ವಾಯ್ಸ್. ಎರಡರಲ್ಲೂ 97 ಯೂರೋ. ಫೋನಲ್ಲಿ ಓದಿ ಹೇಳು ಅಂದ್ರೆ ಪ್ಯಾರಿಸ್ಸಿನವರು "ಕಾತ್ರ್-ವ್ಯಾಂ-ದಿ-ಸೆತ್" ಅಂತಾರೆ. ನಾಲ್ಕು ಇಪ್ಪತ್ತು, ಹತ್ತು, ಏಳು. 4×20+10+7. ಬ್ರಸೆಲ್ಸಿನವರು "ನೊನಾಂತ್-ಸೆತ್" ಅಂತಾರೆ. ತೊಂಬತ್ತು ಏಳು, ಮುಗೀತು. 70ಕ್ಕೆ ಫ್ರಾನ್ಸಲ್ಲಿ "ಅರವತ್ತು ಹತ್ತು", ಬೆಲ್ಜಿಯಂ, ಸ್ವಿಟ್ಜರ್ಲೆಂಡಲ್ಲಿ "ಸೆಪ್ತಾಂತ್". 80ಕ್ಕೆ ಬೆಲ್ಜಿಯಂ ಕೂಡ ನಾಲ್ಕು ಇಪ್ಪತ್ತು ಅಂತಲೇ ಅನ್ನುತ್ತೆ, ಸ್ವಿಟ್ಜರ್ಲೆಂಡಿನ ಕೆಲವು ಭಾಗದಲ್ಲಿ ಮಾತ್ರ "ಯುಯಿತಾಂತ್".

ಊಟದ ಹೆಸರೂ ಹಂಗೇ. ಪ್ಯಾರಿಸ್ಸಲ್ಲಿ "ದೆಜನೆ" ಅಂದ್ರೆ ಮಧ್ಯಾಹ್ನದ ಊಟ. ಬೆಲ್ಜಿಯಂ, ಕೆನಡಾದ ಕ್ವಿಬೆಕ್ಕಲ್ಲಿ ಅದೇ ಪದಕ್ಕೆ ಬೆಳಗಿನ ತಿಂಡಿ ಅಂತ ಅರ್ಥ. ಒಳಗೆ ಚಾಕೊಲೇಟ್ ಇಟ್ಟ ಒಂದು ಬನ್ನಿಗೆ ಫ್ರಾನ್ಸಿನ ಬಹುಪಾಲು ಕಡೆ "ಪ್ಯಾಂ ಓ ಶೊಕೊಲಾ", ನೈಋತ್ಯದಲ್ಲಿ "ಶೊಕೊಲಾತೀನ್". ಇದರ ಬಗ್ಗೆ ಅಲ್ಲಿ ಮುಗಿಯದ ಜಗಳ, ಮೀಮ್ ಮೇಲೆ ಮೀಮ್.

ನಮ್ಮ ಬನ್ನು ಈ ಫೋಟೋದಲ್ಲಿದೆ. ದಾವಣಗೆರೆ, ಶಿವಮೊಗ್ಗ ಕಡೆ ಇದು ಮೆಕ್ಕೆಜೋಳ. ಹಾವೇರಿ, ಧಾರವಾಡಕ್ಕೆ ಹೋದ್ರೆ ಗೋವಿನಜೋಳ. ಮೈಸೂರು ಕಡೆ ಮುಸುಕಿನಜೋಳ. ತೆನೆ ಒಂದೇ, ರೇಟು ಬಿದ್ದಾಗ ಅಳೋದೂ ಒಂದೇ ಥರ. ಮೂರರಲ್ಲಿ ಯಾವುದು ತಪ್ಪು ಕನ್ನಡ, ಹೇಳ್ರಿ ನೋಡೋಣ?

5/9
ಫೋಟೋ: ಕೈಯಲ್ಲಿ ಬರೆದ ಕರ್ನಾಟಕ ಮ್ಯಾಪ್. ಡ್ರಾಯಿಂಗ್ ಬರಲ್ಲ, ಕ್ಷಮಿಸಿ.

ಇದು ನನಗೆ ಅತೀ ಇಷ್ಟವಾದ ವಿಷಯ. "ಹೌದು" ಅನ್ನೋಕೆ ಇವತ್ತಿನ ಫ್ರೆಂಚಲ್ಲಿ "ವೀ". ಸಲಿಗೇಲಿ "ವೇ", ನಮ್ಮ "ಹೂಂ" ಇದ್ದಂಗೆ. ಆದ್ರೆ ನೂರಾರು ವರ್ಷ ಹಿಂದೆ ಅಲ್ಲಿ ಉತ್ತರದೋರು "ಒಯಿಲ್" ಅಂತಿದ್ರು, ದಕ್ಷಿಣದೋರು "ಒಕ್" ಅಂತಿದ್ರು. ಆ ಒಯಿಲ್ಲೇ ಸವೆದು ಇವತ್ತಿನ ವೀ ಆಗಿದ್ದು. ಹೌದು ಅನ್ನೋದನ್ನ ಹೆಂಗೆ ಹೇಳ್ತಾರೆ ಅನ್ನೋದರ ಮೇಲೇ ಆ ಮಾತುಗಳಿಗೆ ಹೆಸರಿಟ್ಟರು: ಲಾಂಗ್ ದೊಯಿಲ್, ಲಾಂಗ್ ದೊಕ್. ದಕ್ಷಿಣ ಫ್ರಾನ್ಸಿನ ಒಂದು ಸೀಮೆಗೆ ಇವತ್ತಿಗೂ ಲಾಂಗ್‌ದೊಕ್ ಅಂತಲೇ ಹೆಸರು. ಅಂದ್ರೆ "ಒಕ್ ಅನ್ನೋರ ನುಡಿ". ಒಂದೇ ಒಂದು ಪದ ಸೀಮೆಯ ಹೆಸರಾಯ್ತು.

ಈಗ ನಮ್ಮ ಮ್ಯಾಪ್ ನೋಡ್ರಿ. ಮೈಸೂರು, ಬೆಂಗಳೂರಿನ ಪುಸ್ತಕದ ಮಾತಲ್ಲಿ "ಇದೆ". ನಮ್ಮ ನಡುನಾಡಲ್ಲಿ "ಐತೆ". ಧಾರವಾಡದ ಕಡೆ "ಐತಿ". ಕಲಬುರಗಿ ಕಡೆ "ಅದ". ಮಂಗಳೂರಿಗೆ ಇಳಿದ್ರೆ "ಉಂಟು". ಬೆಂಗಳೂರು ಸುತ್ತಲ ಹಳ್ಳೀಲೂ ಐತೆ ಕೇಳುತ್ತೆ, ಅದನ್ನ ಮಾತ್ರ ಯಾರೂ ಹೇಳಲ್ಲ. ನಾನಾದ್ರೆ ನಮ್ಮ ಸೀಮೆಗೆ ಐತೆನಾಡು ಅಂತ ಹೆಸರಿಡ್ತಿದ್ದೆ.

ಅದರಲ್ಲೂ ನಾವು ಸವಳಂಗದೋರು ಎಲ್ಲಿಯೋರು? ಹೊನ್ನಾಳಿ ತಾಲ್ಲೂಕು 1997ರವರೆಗೆ ಶಿವಮೊಗ್ಗ ಜಿಲ್ಲೆ, ಆಮೇಲೆ ದಾವಣಗೆರೆ. ಈಗ ನಮ್ಮದು ನ್ಯಾಮತಿ ತಾಲ್ಲೂಕು. ಮಲೆನಾಡಿನೋರು ನಮ್ಮನ್ನ ಬಯಲುಸೀಮೆ ಅಂತಾರೆ, ಬಯಲುಸೀಮೆಯೋರು ಮಲೆನಾಡು ಅಂತಾರೆ. ಒಂದೇ ಬಸ್ಸಲ್ಲಿ "ಬಾ ಮಾರಾಯ", "ಬಾರಲೇ", "ಬರ್ರಿ", "ಬನ್ನಿ" ನಾಲ್ಕೂ ಕೇಳುತ್ತೆ. ಕಂಡಕ್ಟರಿಗೆ ನಾಲ್ಕೂ ಅರ್ಥ ಆಗುತ್ತೆ. ಟ್ರೈನಿಂಗ್ ಕೊಡೋರಿಗೆ ಮಾತ್ರ ಒಂದೇ ಗೊತ್ತು.

6/9
ಫೋಟೋ: ಖಾಲಿ ಕ್ಲಾಸ್ ರೂಮ್.

"ಹಂಗಾದ್ರೆ ಫ್ರಾನ್ಸಿನೋರು ಬಹಳ ಒಳ್ಳೇರು, ಎಲ್ಲಾ ಮಾತಿಗೂ ಮರ್ಯಾದೆ ಕೊಡ್ತಾರೆ" ಅಂದ್ಕೊಂಡ್ರಾ? ಇಲ್ಲ. ಅಲ್ಲಿನ ಕಥೆ ನಮಗಿಂತ ಕೆಟ್ಟದ್ದು.

1794ರಲ್ಲಿ, ಕ್ರಾಂತಿಯ ಕಾಲದಲ್ಲಿ, ಗ್ರೆಗ್ವಾರ್ ಅನ್ನೋ ಪಾದ್ರಿ ಅಲ್ಲಿನ ಸಭೆಗೆ ಒಂದು ವರದಿ ಕೊಟ್ಟ. ಫ್ರೆಂಚನ್ನ ಶುದ್ಧವಾಗಿ ಮಾತಾಡೋರು 30 ಲಕ್ಷ ಮೀರಲ್ಲ, 60 ಲಕ್ಷ ಜನಕ್ಕೆ ಫ್ರೆಂಚೇ ಬರಲ್ಲ ಅಂತ ಅದರಲ್ಲಿತ್ತು. ಅದಕ್ಕೆ ಅವನು ಕೊಟ್ಟ ಪರಿಹಾರ ವರದಿಯ ಹೆಸರಲ್ಲೇ ಇತ್ತು: ಊರಿನ ಮಾತುಗಳನ್ನ ಇಲ್ಲದಂಗೆ ಮಾಡೋದು. ಆಮೇಲೆ ಶಾಲೆಗಳು ಬಂದವು. ಬ್ರಿಟನಿ ಅನ್ನೋ ಸೀಮೇಲಿ ಮಗು ಮನೆಮಾತು ಬ್ರೆಟನ್ನಲ್ಲಿ ಬಾಯಿ ಬಿಟ್ಟರೆ ಕೊರಳಿಗೆ ಒಂದು ಮರದ ಚಪ್ಪಲಿನೋ ಏನೋ ನೇತು ಹಾಕ್ತಿದ್ರು. ಆ ಮಗು ಅದನ್ನ ಕಳಚಬೇಕು ಅಂದ್ರೆ ಇನ್ನೊಂದು ಮಗು ಬ್ರೆಟನ್ ಮಾತಾಡೋದನ್ನ ಹಿಡಿದು ಕೊಡಬೇಕು. ಸಂಜೆ ಯಾರ ಕೊರಳಲ್ಲಿ ಇರುತ್ತೋ ಅವರಿಗೆ ಶಿಕ್ಷೆ.

ಇದನ್ನ ಓದಿ ನನಗೆ ನಮ್ಮ ಕ್ಲಾಸ್ ನೆನಪಾಯ್ತು. ಟ್ರೈನರ್ ಒಂದೇ ಮಾತು ಹೇಳಿದ್ದು. ಚಪ್ಪಲಿ ನನ್ನ ಕೊರಳಿಗೆ ಹಾಕಿದ್ದು ನೀವು, ನಕ್ಕೋರು. ನಕ್ಕದ್ದು ಯಾಕೆ ಅಂತನೂ ನನಗೆ ಗೊತ್ತು. ತನ್ನ ಕೊರಳಿಗೆ ಬೀಳದೇ ಇರಲಿ ಅಂತ. ಕನ್ನಡ ಮಾತಾಡಿದ್ರೆ ದಂಡ ಹಾಕೋ ಸ್ಕೂಲಲ್ಲಿ ಓದಿದೋರಿಗೆ ಇದು ಇನ್ನೂ ಚೆನ್ನಾಗಿ ಗೊತ್ತಿರುತ್ತೆ.

ಅಷ್ಟೆಲ್ಲಾ ಮಾಡಿದ ಫ್ರಾನ್ಸು ಈಗೇನು ಮಾಡ್ತಿದೆ? ಊರಿನ ನುಡಿಗಳು ದೇಶದ ಆಸ್ತಿ ಅಂತ 2008ರಲ್ಲಿ ಸಂವಿಧಾನಕ್ಕೆ ಸೇರಿಸ್ತು. ಮಾತಿನ ಧಾಟಿ ನೋಡಿ ತಾರತಮ್ಯ ಮಾಡೋದರ ವಿರುದ್ಧ 2020ರಲ್ಲಿ ಅಲ್ಲಿನ ಕೆಳಮನೆ ಒಂದು ಮಸೂದೆಗೆ ಒಪ್ಪಿಗೆ ಕೊಡ್ತು. ಕಳಕೊಂಡ ಮೇಲೆ ಹುಡುಕ್ತಿದ್ದಾರೆ. ನಾವು ಅವರು ಹೋದ ದಾರಿಯ ಮೊದಲ ಸ್ಟಾಪಲ್ಲಿ ಬಸ್ ಹತ್ತುತ್ತಾ ಇದ್ದೀವಿ.

7/9
ಫೋಟೋ: ಲೈಬ್ರರಿಯಲ್ಲಿ ಧೂಳು ಹಿಡಿದ ಕನ್ನಡ ಸೆಕ್ಷನ್.

"ಆದ್ರೂ ಶುದ್ಧ ಕನ್ನಡ ಅಂತ ಒಂದು ಇರ್ಬೇಕಲ್ವಾ?" ಈ ಪ್ರಶ್ನೆ ನಮ್ಮ ಫ್ರೆಂಡ್ಸೇ ಕೇಳಿದ್ರು. ಸರಿ, ಹಳೇ ಪುಸ್ತಕಕ್ಕೇ ಹೋಗೋಣ.

ನಮಗೆ ಸಿಕ್ಕಿರೋ ಕನ್ನಡದ ಮೊದಲ ಗ್ರಂಥ ಕವಿರಾಜಮಾರ್ಗ, ಒಂಬತ್ತನೇ ಶತಮಾನದ್ದು, ರಾಷ್ಟ್ರಕೂಟ ದೊರೆ ನೃಪತುಂಗನ ಕಾಲದ್ದು. ಕಾವೇರಿಯಿಂದ ಗೋದಾವರಿವರೆಗೆ ಅನ್ನೋದು ಅದರಿಂದ ಬಂದಿದ್ದು, ರಾಜ್ಯೋತ್ಸವ ಭಾಷಣದಲ್ಲಿ ಎಲ್ಲರೂ ಹೇಳ್ತಾರೆ. ಆದ್ರೆ ಅದೇ ಪುಸ್ತಕ ಇನ್ನೊಂದು ಮಾತು ಹೇಳುತ್ತೆ, ಅದನ್ನ ಭಾಷಣದಲ್ಲಿ ಯಾರೂ ಹೇಳಲ್ಲ. ಕನ್ನಡ ಒಂದಲ್ಲ, ಹಲವು ಕನ್ನಡಗಳಿವೆ, ನಾಡಿಗೊಂದು ದೇಸಿ ಇದೆ, ಅದರ ತಪ್ಪು ಲೆಕ್ಕ ಹಾಕೋಕೆ ಹೋದ್ರೆ ಸಾವಿರ ನಾಲಿಗೆಯ ವಾಸುಕಿಗೂ ಬೇಜಾರಾಗುತ್ತೆ ಅನ್ನೋ ಅರ್ಥದ ಮಾತು. ಸಾವಿರ ವರ್ಷಕ್ಕಿಂತ ಹಿಂದೆ!

ಇನ್ನೊಂದು. ಕನ್ನಡದ ತಿರುಳು ಎಲ್ಲಿದೆ ಅಂತ ಅದು ನಾಲ್ಕು ಊರು ಹೆಸರಿಸುತ್ತೆ: ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ. ಇವತ್ತಿನ ಲೆಕ್ಕದಲ್ಲಿ ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರ, ಬೆಳಗಾವಿ ಜಿಲ್ಲೆಯ ಒಕ್ಕುಂದ. ಬೆಂಗಳೂರು ಇಲ್ಲ, ಮೈಸೂರು ಇಲ್ಲ. ಸಿನಿಮಾದಲ್ಲಿ ಕಾಮಿಡಿಗೆ ಅಂತ ಯಾವ ಕಡೆಯ ಕನ್ನಡ ಬಳಸ್ತಾರೋ, ಆ ಕಡೆ ಊರುಗಳೇ ಅವತ್ತಿನ ಸ್ಟ್ಯಾಂಡರ್ಡ್.

ಅಂದ್ರೆ ಶುದ್ಧ ಅನ್ನೋದು ಕೂಡ ಜಾಗ ಬದಲಾಯಿಸುತ್ತೆ. ರಾಜಧಾನಿ ಎಲ್ಲೋ, ದುಡ್ಡು ಎಲ್ಲೋ, ಪ್ರೆಸ್ಸು ಎಲ್ಲೋ, ಅಲ್ಲಿಗೆ ಹೋಗಿ ಕೂರುತ್ತೆ. ಅದು ಅಧಿಕಾರದ ಅಡ್ರೆಸ್ಸು, ವ್ಯಾಕರಣ ಅಲ್ಲ. ಐತೆ ಅನ್ನೋದಕ್ಕೂ ನಿಯಮ ಇದೆ. ಐತೆ, ಇದ್ವು, ಇರ್ತೈತೆ. ನಮ್ಮ ಅಜ್ಜಿ ಒಂದು ದಿನವೂ ಅದರಲ್ಲಿ ತಪ್ಪು ಮಾಡಿಲ್ಲ.

8/9
ಫೋಟೋ: ಸೂರಗೊಂಡನಕೊಪ್ಪದ ದಾರಿ.

ಈಗ ನನಗೆ ಬಂದ ಮೆಸೇಜುಗಳಿಗೆ ಉತ್ತರ.

"ಪರೀಕ್ಷೇಲಿ ಐತೆ ಅಂತ ಬರೀತೀಯಾ?" ಇಲ್ಲ. ಅಲ್ಲಿ ಇದೆ ಅಂತಲೇ ಬರೀತೀನಿ. ರಾಜ್ಯದ ಎಲ್ಲಾ ಕಡೆಯೋರೂ ಓದೋಕೆ ಒಂದು ಬರಹದ ಕನ್ನಡ ಬೇಕು, ಅದನ್ನ ಕಲೀಲೇಬೇಕು. ನನ್ನ ಜಗಳ ಅದರ ಜೊತೆ ಅಲ್ಲ. ಒಂದು ಕಲಿಸೋಕೆ ಇನ್ನೊಂದನ್ನ ಅವಮಾನ ಮಾಡಬೇಕಾ ಅನ್ನೋದು ಪ್ರಶ್ನೆ. "ಮೀಟಿಂಗಲ್ಲಿ ಇದೆ ಅನ್ನಿ, ಮನೇಲಿ ಐತೆ ಅನ್ನಿ" ಅಂದಿದ್ರೆ ಅದು ಪಾಠ. "ನಿಮ್ಮ ಕನ್ನಡ ಸರಿ ಮಾಡ್ಕೊಳ್ಳಿ" ಅಂದ್ರೆ ಅದು ಪಾಠ ಅಲ್ಲ.

"ಫ್ರೆಂಚ್ ಮೇಲೆ ನಿಂಗೇನ್ ಕೋಪ?" ಕೋಪ ಇಲ್ಲ, ಕಲೀರಿ. ಪಿಯುಸಿಯಲ್ಲೇ ಭಾಷೆಯಾಗಿ ತಗೋಬಹುದು, ಬೆಂಗಳೂರಲ್ಲಿ ಅಲಿಯಾನ್ಸ್ ಫ್ರಾಂಸೇಸ್ ಇದೆ. ಡೆಲ್ಫ್ ಪರೀಕ್ಷೇಲಿ ಯಾರ ಹತ್ರ ಹೆಂಗೆ ಮಾತಾಡಬೇಕು ಅನ್ನೋ ತಿಳುವಳಿಕೆನೂ ನೋಡ್ತಾರೆ. "ತ್ಯು" ಎಲ್ಲಿ, "ವೂ" ಎಲ್ಲಿ ಅಂತ. ಆ ತಿಳುವಳಿಕೆ ನಿಮಗೆ ಆಗಲೇ ಇದೆ. ನೀನು ಎಲ್ಲಿ, ನೀವು ಎಲ್ಲಿ, ಯಾವ ದೊಡ್ಡಪ್ಪನಿಗೆ ರೀ, ಯಾವ ದೋಸ್ತಿಗೆ ಲೇ ಅಂತ ಐದು ವರ್ಷಕ್ಕೇ ಕಲ್ತಿದ್ದೀರಿ. ಅದನ್ನ ಮರೆತು ಫೀಸ್ ಕಟ್ಟಿ ಮತ್ತೆ ಕಲೀತೀರಾ?

ಕೊನೇದು, ಇದೇ ನನಗೆ ದೊಡ್ಡದು. ನಮ್ಮ ಕ್ಲಾಸಲ್ಲಿ ತಾಂಡಾದಿಂದ ಬರೋ ಒಬ್ಬಳಿದ್ದಾಳೆ. ಹೆಸರು ಬೇಡ. ಮನೇಲಿ ಲಂಬಾಣಿ ಮಾತು, ಊರಲ್ಲಿ ನಮ್ಮ ಕನ್ನಡ, ಕ್ಲಾಸಲ್ಲಿ ಪುಸ್ತಕದ ಕನ್ನಡ, ಪರೀಕ್ಷೆಗೆ ಇಂಗ್ಲಿಷ್. ನಮಗಿಂತ ಜಾಸ್ತಿ ಭಾಷೆ ಅವಳಿಗೆ. ಫೆಬ್ರವರೀಲಿ ಸೇವಾಲಾಲ್ ಜಯಂತಿಗೆ ಬೇರೆ ರಾಜ್ಯಗಳಿಂದ ಬರೋ ಜನರ ಜೊತೆ ಅವಳು ಸಲೀಸಾಗಿ ಮಾತಾಡ್ತಾಳೆ, ನಾವು ಬಾಯಿ ಬಿಟ್ಕೊಂಡು ನೋಡ್ತೀವಿ. ನನಗೆ ನಕ್ಕ ದಿನ ಅವಳದ್ದು ಮುಂದಿನ ಸರದಿ. ಲೆಕ್ಕ ಪೂರ್ತಿ ಬರೆದಿಟ್ಟಿದ್ದಳು, ಪಕ್ಕದಲ್ಲಿ ಕೂತ ನಾನು ನೋಡಿದ್ದೆ. "ಗೊತ್ತಿಲ್ಲ ಸರ್" ಅಂತ ಹೇಳಿ ಕೂತಳು.

ನಿಮ್ಮ ಒಂದು ನಗು ಮಾಡಿದ ಕೆಲಸ ಅದು.

9/9
ಫೋಟೋ: ಸಂಜೆ, ಊರಿಗೆ ವಾಪಸ್ ಬರೋ ಬಸ್ಸಿನ ಕಿಟಕಿ.

ಬಿಕಾಂನೋರಿಗೆ ಒಂದು ಗುಟ್ಟು. ನಾವು ಆಗಲೇ ಫ್ರೆಂಚ್ ಓದ್ತಾ ಇದ್ದೀವಿ. "ಎಂಟ್ರಪ್ರೆನ್ಯೂರ್" ನೇರ ಫ್ರೆಂಚ್ ಪದ. "ಬಜೆಟ್" ಬಂದದ್ದು ಹಳೇ ಫ್ರೆಂಚಿನ ಪುಟ್ಟ ಚರ್ಮದ ಚೀಲದ ಹೆಸರಿಂದ. "ಮಾರ್ಟ್‌ಗೇಜ್" ಅಂದ್ರೆ ಹಳೇ ಫ್ರೆಂಚಲ್ಲಿ "ಸತ್ತ ಒತ್ತೆ". ಎಕನಾಮಿಕ್ಸಲ್ಲಿ ಐದು ಮಾರ್ಕ್ಸಿಗೆ ಬರೆಯೋ "ಲೆಸ್ಸೆ ಫೇರ್" ಅಂದ್ರೆ "ಮಾಡೋಕೆ ಬಿಡಿ" ಅಂತ. ವ್ಯಾಪಾರದೋರನ್ನ ಅವರ ಪಾಡಿಗೆ ಬಿಡಿ, ಸರ್ಕಾರ ತಲೆ ಹಾಕಬೇಡಿ ಅನ್ನೋ ವಾದ. ಆ ವಾದ ಸರಿನೋ ತಪ್ಪೋ ಪರೀಕ್ಷೇಲಿ ಬರ್ಕೊಳ್ಳಿ.

ನಾನು ಕೇಳೋದು ಅದರ ಇನ್ನೊಂದು ರೂಪ: "ಲೆಸ್ಸೆ ಪಾರ್ಲೆ". ಬಿಸ್ಕತ್ ಅಲ್ಲ. "ಮಾತಾಡೋಕೆ ಬಿಡಿ" ಅಂತ.

ಕೇಳೋದು ಮೂರೇ. ಒಂದು, ಸೋಮವಾರದಿಂದ ಕ್ಲಾಸಲ್ಲಿ ಯಾರಾದ್ರೂ ಐತೆ, ಐತಿ, ಉಂಟು ಅಂದಾಗ ನಗಬೇಡಿ. ಪಕ್ಕದೋರು ನಕ್ಕರೆ ಸುಮ್ನಿರು ಅನ್ನಿ. ಎರಡು, ಕಲಿಸೋರು ತಿದ್ದುವಾಗ "ಇದು ತಪ್ಪು" ಅಂದ್ರೆ, "ತಪ್ಪಾ ಸರ್, ಬೇರೆಯಾ?" ಅಂತ ಒಂದೇ ಒಂದು ಸಲ ಮರ್ಯಾದೆಯಿಂದ ಕೇಳಿ. ಮೂರು, ರೀಲಲ್ಲಿ ಸಲ್ಯು ಕಲಿಯುವಾಗಲೇ ಪಕ್ಕದ ಬೆಂಚಿನೋರ ಮನೇಲಿ "ಆರಾಮಾ" ಅನ್ನೋಕೆ ಏನಂತಾರೆ ಕೇಳಿ. ಲಂಬಾಣಿಯಲ್ಲಿ ಕೇಳಿ, ಉರ್ದುವಲ್ಲಿ ಕೇಳಿ, ಚನ್ನಗಿರಿ ಕಡೆಯೋರನ್ನ ಕೇಳಿ, ಜಗಳೂರಿನೋರನ್ನ ಕೇಳಿ. ಹತ್ತು ದಾರಿ ನಮ್ಮ ಒಂದೇ ರೂಮಲ್ಲಿ ಸಿಗುತ್ತೆ, ಫ್ರೀ.

ಮುಂದಿನ ವಾರ ಅದೇ ಟ್ರೈನಿಂಗ್ ಮತ್ತೆ ಇದೆ. ಅದೇ ಬ್ಯಾಲೆನ್ಸ್ ಶೀಟ್ ಬಂದ್ರೆ ನಾನು ಮತ್ತೆ ಎದ್ದು ನಿಲ್ತೀನಿ. ಕಂಪನಿಗೆ ಸಾಲ ಜಾಸ್ತಿ ಐತೆ ಅಂತಲೇ ಹೇಳ್ತೀನಿ. ಯಾಕಂದ್ರೆ ಐತೆ.

ನಿಮ್ಮ ಊರಲ್ಲಿ ಹೊರಡುವಾಗ ಏನಂತಾರೆ, ಕೆಳಗೆ ಬರೀರಿ. ಊರಿನ ಹೆಸರೂ ಹಾಕಿ.

ಹೋಗಿ ಬರ್ತೀನಿ.

#ಐತೆನಾಡು #ಲೆಸ್ಸೆಪಾರ್ಲೆ #ಸವಳಂಗ #ನ್ಯಾಮತಿ #ನಮ್ಮಮಾತು #ನಡೀತೈತೆ